ಒಂಟಿ ಎತ್ತಿಗೆ ಮೂರೂವರೆ ಕೋಟಿ ಜೋಡಿ

ಪಕ್ಕದ ಮನೆ ರುದ್ರಣ್ಣನ ಒಂಟಿ ಎತ್ತಿಗೆ ಕಂಪ್ಯೂಟರ್ ಜೋಡಿ ಹುಡುಕಿಕೊಟ್ಟಿತಂತೆ ಎಂದು ನಮ್ಮೂರಿನವರು ತಿಪಟೂರಿನವರೆಗೂ ಹೇಳಿಕೊಂಡು ಬಂದಿದ್ದಾರೆ. ಸುಳ್ಳು. ನಡೆದದ್ದು ಇಷ್ಟೆ: ನನ್ನ ತಮ್ಮ ಒಂಬತ್ತು ದಿನ ಆ ಯಂತ್ರವನ್ನು ದಂಡಕ್ಕೆ ಓಡಿಸಿದ, ಹತ್ತನೆಯ ದಿನ ಅಕ್ಕನಾದ ನನ್ನ ಮಾತು ಕೇಳಿದ, ಕೇಳಿದ ಮೇಲೂ ಇನ್ನೆರಡು ತಪ್ಪು ಮಾಡಿದ. ಕೊನೆಗೆ ಜೋಡಿ ಕೂಡಿಸಿದ್ದು ಕಂಪ್ಯೂಟರೂ ಅಲ್ಲ, ನನ್ನ ತಮ್ಮನೂ ಅಲ್ಲ. ನಾನೂ ಅಲ್ಲ, ಬಿಡಿ.

ತಮ್ಮನ ವಿಷಯ ಮೊದಲು ತಿಳಿದುಕೊಳ್ಳಿ. ಅವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಆ ಮನುಷ್ಯರ ಎತ್ತಿನ ಮುಖ ನೆನಪಿರುತ್ತದೆ! ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವನು. ಒಂದು ಮದುವೆಯಲ್ಲಿ ಎದುರಿಗೆ ಬಂದು ಕೈಮುಗಿದವರನ್ನು "ಯಾರಪ್ಪಾ ತಾವು?" ಎಂದು ಕೇಳಿದ. ಬಂದವರು ಯಾರೆಂದುಕೊಂಡಿರಿ? ಅವನ ಸ್ವಂತ ಬೀಗರು! ಮಗಳನ್ನು ಅವರ ಮನೆಗೆ ಕೊಟ್ಟು ಆಗಲೇ ಆರು ವರ್ಷವಾಗಿತ್ತು. ನಾನು ಹಿಂದಿನಿಂದ ಪಿಸುಗುಟ್ಟಿದೆ, "ಲೇ, ಕೆಂದೆತ್ತು ಕಣ್ಲಾ. ಎಡಗೊಂಬು ಮೊಂಡು."

"ಓಹೋಹೋ! ಬನ್ನಿ ಬನ್ನಿ ಬೀಗ್ರೇ! ಹೆಂಗೈತೆ ಕೊಂಬು?"

ಬೀಗರೂ ಅಂಥವರೇ. ಕೊಂಬಿನ ಕ್ಷೇಮಸಮಾಚಾರವನ್ನು ಊಟದ ಎಲೆ ಹಾಕುವವರೆಗೂ ಹೇಳಿದರು. ಮಗಳು ಹೇಗಿದ್ದಾಳೆ ಎಂದು ಇವನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಆಸ್ಪತ್ರೆಯ ರಿಜಿಸ್ಟರು ಸರ್ಕಾರದ್ದು. ಅದರಲ್ಲಿ ರೋಗ, ಔಷಧಿ ಇಷ್ಟೆ. ಅದು ಇವನಿಗೆ ಸಾಲದು. ತನ್ನದೇ ನೋಟ್‌ಬುಕ್ ಇಟ್ಟುಕೊಂಡು, ಬಂದ ಒಂದೊಂದು ದನದ ಬಣ್ಣ, ಕೊಂಬು, ಹಲ್ಲು, ಬೆನ್ನ ಮೇಲಿನ ಇಣಿ, ಬಾಲದ ಕುಚ್ಚು, ನೊಗದಲ್ಲಿ ಎಡಕ್ಕೋ ಬಲಕ್ಕೋ, ಗುಣ ಹೇಗೆ, ಎಲ್ಲ ಬರೆಯುತ್ತಿದ್ದ. 'ಸೂಜಿ ಕಂಡರೆ ಕಣ್ಣೀರು ಹಾಕುತ್ತದೆ' ಎಂದು ಒಂದು ಎತ್ತಿನ ಮುಂದೆ ಬರೆದಿದ್ದ. ಅದರ ಮುಂದಿನ ಸಾಲಿನಲ್ಲಿ 'ಯಜಮಾನನೂ ಅಷ್ಟೆ' ಎಂದಿತ್ತು. ನಿವೃತ್ತಿಯಾದ ದಿನ ಬೇರೆಯವರು ಶಾಲು ಹೊದ್ದುಕೊಂಡು ಮನೆಗೆ ಬರುತ್ತಾರೆ. ಇವನು ಲಗೇಜ್ ಗಾಡಿಯಲ್ಲಿ ನಲವತ್ತೊಂದು ನೋಟ್‌ಬುಕ್ ಹೇರಿಕೊಂಡು ಬಂದ. ಹೇರಿಕೊಂಡು ಬಂದ ಗಾಡಿ ತಿಪಟೂರಿನ ಬಾಷಾನದು. ಬಾಷಾನದು ರಿಪೇರಿ ಅಂಗಡಿ. ಮಿಕ್ಸಿ, ಮೊಬೈಲು, ಪಂಪ್‌ಸೆಟ್ಟು, ಕಂಪ್ಯೂಟರ್ ಎಲ್ಲವೂ ಅವನ ಕೈಯಲ್ಲಿ ಬದುಕುತ್ತವೆ. ಅದೇ ಗಾಡಿಯಲ್ಲಿ ಮುಂದಿನ ವಾರ ಯಾವುದೋ ಆಫೀಸಿನವರು ಬೇಡವೆಂದ ಹಳೇ ಕಂಪ್ಯೂಟರೂ ಬಂತು.

ಮುಂದಿನ ಎರಡು ವರ್ಷ ನನ್ನ ತಮ್ಮ ಎರಡೇ ಬೆರಳಿನಲ್ಲಿ ಆರು ಸಾವಿರ ದನಗಳನ್ನು ಅದರೊಳಕ್ಕೆ ಅಟ್ಟಿದ. ಅವನ ಹೆಂಡತಿ ಪುಣ್ಯಾತ್ಗಿತ್ತಿ, ಆ ಕೋಣೆಯ ಕಸ ಗುಡಿಸುವುದನ್ನೇ ಬಿಟ್ಟಳು. ಯಂತ್ರ ಬಿಸಿಯಾಗಿ ಗೊರಗೊರ ಎಂದರೆ ಇವನು ಅದರ ಬೆನ್ನು ಸವರಿ "ಹೋ... ಹೋ..." ಎನ್ನುತ್ತಿದ್ದ. ಒಂದೆರಡು ಸಲ ಅದು ಸುಮ್ಮನಾದದ್ದನ್ನು ನಾನೇ ನೋಡಿದ್ದೇನೆ!

ಸುದ್ದಿ ಹರಡಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದೆಲ್ಲ ಫೋನು. "ಸಾಮಿ, ನಮ್ದೊಂದು ಎತ್ತು ಒಂಟಿ ಆಗೈತೆ, ಜೋಡಿ ಇದ್ರೆ ಹೇಳ್ರಪ್ಪ." ಇವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ, ಯಾರಿಗೂ ಏನೂ ಹುಡುಕಿಕೊಡುತ್ತಿರಲಿಲ್ಲ.

ಅಷ್ಟರಲ್ಲಿ ರುದ್ರಣ್ಣನ ಎಡದೆತ್ತಿಗೆ ಹಾವು ಕಡಿಯಿತು. ಬಲದೆತ್ತು ಉಳಿಯಿತು.

ರುದ್ರಣ್ಣ ಬೇರೆಯವರ ತೋಟ ಉತ್ತು ಬದುಕುವವನು. ನಮ್ಮ ಕಡೆಯ ಹಳೇ ತೆಂಗಿನ ತೋಟಗಳಲ್ಲಿ ಮರ ಒತ್ತೊತ್ತಾಗಿವೆ. ಟ್ರ್ಯಾಕ್ಟರ್ ನುಗ್ಗಿಸಿದರೆ ಬೇರು ಕಿತ್ತು ಬರುತ್ತದೆ. ಎತ್ತೇ ಆಗಬೇಕು, ಎತ್ತು ಎರಡಾಗಬೇಕು. ಎರಡೂ ಒಂದೇ ಎತ್ತರ, ಒಂದೇ ನಡೆ ಇಲ್ಲದಿದ್ದರೆ ನೊಗ ವಾಲಿ ಒಂದರ ಕತ್ತು ಹುಣ್ಣಾಗುತ್ತದೆ. ಉಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದು? ರುದ್ರಣ್ಣ ಎತ್ತಿನ ದಲ್ಲಾಳಿಗೆ ಹೇಳಿಬಿಟ್ಟ: ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಬಂದು ಹೊಡೆದುಕೊಂಡು ಹೋಗು, ಅಷ್ಟರೊಳಗೆ ಜೋಡಿ ಸಿಕ್ಕರೆ ಬೇಡ.

"ಸೋಮವಾರಕ್ಕಿನ್ನೂ ಎರಡು ವಾರ ಐತಲ್ಲ, ನಾನು ಹುಡುಕಿಕೊಡ್ತೀನಿ," ಎಂದು ನನ್ನ ತಮ್ಮ ಹತ್ತು ಜನರ ಎದುರಿಗೆ ಮಾತು ಕೊಟ್ಟ.

ಯಂತ್ರ ಓಡಲು ಶುರುವಾಯಿತು. ಒಂದು ದಿನವಾಯಿತು, ಎರಡು ದಿನವಾಯಿತು, ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಬಾಷಾ ಬಂದು ಕಿವಿಯಿಟ್ಟು ಕೇಳಿದ. "ಅಮ್ಮಾ, ಸತ್ತೋಗಿಲ್ಲ ಇದು. ಯೋಚ್ನೆ ಮಾಡ್ತಾ ಐತೆ."

"ನಮ್ಮಪ್ಪ ಒಂದು ಎಲೆಅಡಿಕೆ ಹಾಕ್ಕೊಳ್ಳೋ ಹೊತ್ನಲ್ಲಿ ಜೋಡಿ ಹೇಳೋನು," ಎಂದೆ. ನಮ್ಮಪ್ಪನೂ ಎತ್ತಿನ ದಲ್ಲಾಳಿಯೇ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಅವನು ನನ್ನನ್ನು ದನದ ಸಂತೆಗೆ ಕರೆದುಕೊಂಡು ಹೋಗುತ್ತಿದ್ದ. ಬುತ್ತಿ ಹೊರುವುದಕ್ಕೆ ಎಂದು ಕರೆದುಕೊಂಡು ಹೋದದ್ದು. ಆದರೆ ಕಣ್ಣು ಮುಚ್ಚಿಕೊಂಡಿರು ಎಂದೇನೂ ಹೇಳಿರಲಿಲ್ಲ.

ನಾಲ್ಕನೆಯ ದಿನ ಉತ್ತರ ಬಂತು. ತಮ್ಮ ಓಡಿಬಂದು ಎಲ್ಲರನ್ನೂ ಕೂಗಿದ. ಹದಿನಾರು ಪ್ರಶ್ನೆಗೆ ಹದಿನಾರೂ ಕೂಡಿಬಂದ ಜೋಡಿ! ಬಣ್ಣ ಅದೇ, ಕೊಂಬು ಅದೇ, ಎತ್ತರ ಒಂದು ಬೆರಳೂ ವ್ಯತ್ಯಾಸವಿಲ್ಲ! ಯಾವ ಊರಿನದಪ್ಪಾ ಎಂದರೆ, ನಮ್ಮೂರಿನದೇ. ಯಾರದಪ್ಪಾ ಎಂದರೆ, ರುದ್ರಣ್ಣನದೇ!

ಎತ್ತಿಗೆ ಅದೇ ಎತ್ತನ್ನು ಜೋಡಿ ಹಾಕಿತ್ತು ಆ ಯಂತ್ರ.

"ತನ್ನ ಜೊತೆಗೆ ತನ್ನನ್ನೇ ಹೋಲಿಸಬೇಡ ಅಂತ ಹೇಳೋದು ಮರ್ತೆ," ಎಂದು ತಮ್ಮ ತಲೆ ಕೆರೆದುಕೊಂಡ. ಅದನ್ನು ಸರಿಮಾಡಿ ಮತ್ತೆ ಓಡಿಸಿದ. ನಡುವೆ ಕರೆಂಟು ಹೋಯಿತು. ಹೋದಾಗಲೆಲ್ಲ ಮೊದಲಿನಿಂದ ಶುರು. ಒಂಬತ್ತನೆಯ ದಿನ ಎರಡನೇ ಉತ್ತರ ಬಂತು. ಈ ಸಲ ಹದಿನೈದು ಕೂಡಿಬಂದಿದ್ದವು. ರುದ್ರಣ್ಣ ಉತ್ತರದ ಕಾಗದ ತೆಗೆದುಕೊಂಡು ಓದಿದ. ಅದರಲ್ಲಿದ್ದದ್ದು ಹಾವು ಕಡಿದು ಸತ್ತ ಎತ್ತು.

ಯಾರಿಗೂ ನಗು ಬರಲಿಲ್ಲ. "ಅದು ನಂಗೂ ಗೊತ್ತು ಕಣಪ್ಪ," ಎಂದ ರುದ್ರಣ್ಣ. ಕಾಗದವನ್ನು ಬಿಸಾಡದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದ.

ಮರುದಿನ ಗುರುವಾರ. ನಾನು ಒಂದು ಸ್ಟೂಲು ಎಳೆದುಕೊಂಡು ಹೋಗಿ ಆ ಯಂತ್ರದ ಮುಂದೆ ಕುಳಿತೆ. ನನಗೆ ಕೋಪಕ್ಕಿಂತ ಕುತೂಹಲ ಹೆಚ್ಚಾಗಿತ್ತು. ಒಂಬತ್ತು ದಿನ ಇದು ಒಳಗೆ ಮಾಡುವುದಾದರೂ ಏನನ್ನು?

"ಏನ್ಲಾ ಮಾಡ್ತೈತೆ ಇದು? ಬಿಡಿಸಿ ಹೇಳು."

"ಅಕ್ಕಯ್ಯ, ನಿಂಗೆ ಅರ್ಥ ಆಗಲ್ಲ ಬುಡು."

"ನಿಂಗೆ ಅರ್ಥ ಆಗೈತಾ? ಆಗಿದ್ರೆ ಹೇಳು, ಆಗದಿದ್ರೆ ಬಾಷಾನ್ ಕರಿ."

ಬಾಷಾ ಅಲ್ಲೇ ಇದ್ದ. ಇಬ್ಬರೂ ಸೇರಿ ಹೇಳಿದರು. ಮೊದಲನೇ ದನವನ್ನು ಹಿಡಿದುಕೊಂಡು ಆರು ಸಾವಿರ ದನದ ಪಕ್ಕದಲ್ಲೂ ಒಂದೊಂದು ಸಲ ನಿಲ್ಲಿಸುತ್ತದೆ. ಆಮೇಲೆ ಎರಡನೇ ದನ, ಮತ್ತೆ ಆರು ಸಾವಿರ. ಹೀಗೆ ಆರು ಸಾವಿರಕ್ಕೆ ಆರು ಸಾವಿರ ಸಲ. ಲೆಕ್ಕ ಹಾಕಿದರೆ ಮೂರೂವರೆ ಕೋಟಿ ಮೀರಿದ ಜೋಡಿ! ಒಂದೊಂದು ಜೋಡಿಗೂ ಹದಿನಾರು ಪ್ರಶ್ನೆ!

"ರುದ್ರಣ್ಣನ ಎತ್ತು ಒಂದೇ ತಾನೇ? ಅದೊಂದನ್ನ ಹಿಡ್ಕಂಡು ಹುಡುಕಬಾರ್ದಾ?"

"ಅನ್ಯಾಯ ಆಗ್ತದೆ ಅಕ್ಕಯ್ಯ! ಇವನಿಗೆ ಕೊಟ್ಟ ಎತ್ತು ತುರುವೇಕೆರೆಯೋನಿಗೆ ಇನ್ನೂ ಚೆನ್ನಾಗಿ ಕೂಡೋದಾಗಿದ್ರೆ? ಎಲ್ಲಾರ್ಗೂ ಒಂದೇ ಸಲ ನೋಡ್ಬೇಕು."

ನೋಡಿ, ಇಂಥವನು ನನ್ನ ತಮ್ಮ. ಎತ್ತುಗಳಿಗೆ ಅನ್ಯಾಯವಾಗಬಾರದು, ಎತ್ತಿನ ಯಜಮಾನ ಸೋಮವಾರ ಬರಿಗೈಯಾದರೆ ಪರವಾಗಿಲ್ಲ! ಅದೂ ಆಗಲಿ ಎಂದು ನಾನು ಕೇಳುತ್ತಾ ಹೋದೆ.

"ರುದ್ರಣ್ಣನ ಎತ್ತಿನ ಪಕ್ಕ ಯಾವನೋ ಸೋಮಣ್ಣನ ಎತ್ತು ನಿಲ್ಲಿಸ್ತೈತೆ. ಆಮೇಲೆ ಸೋಮಣ್ಣನ ಎತ್ತಿನ ಪಕ್ಕ ರುದ್ರಣ್ಣನದು ನಿಲ್ಲಿಸ್ತೈತಾ?"

ತಮ್ಮ ಬಾಷಾನ ಮುಖ ನೋಡಿದ. "ನಿಲ್ಲಿಸ್ತೈತೆ."

"ಎರಡೂ ಒಂದೇ ಅಲ್ವೇನ್ಲಾ? ಅರ್ಧ ಕೆಲಸ ದಂಡ. ಆರು ಸಾವಿರದಲ್ಲಿ ಹಸು ಎಷ್ಟು?"

"ಅರ್ಧಕ್ಕಿಂತ ಜಾಸ್ತಿ."

"ಹಸುಗೂ ಎತ್ತಿಗೂ ನೊಗ ಕಟ್ತೀಯಾ? ಎಮ್ಮೆ?"

"ಇದಾವೆ."

"ಸತ್ತವು?"

ಮೂವತ್ತು ವರ್ಷದ ನೋಟ್‌ಬುಕ್ಕು! ಒಳಗಿರುವ ದನಗಳಲ್ಲಿ ಬದುಕಿರುವುದಕ್ಕಿಂತ ಸತ್ತದ್ದೇ ಹೆಚ್ಚು. ಹಸು, ಎಮ್ಮೆ, ಕರು, ಸತ್ತವು ಎಲ್ಲವನ್ನೂ ಮೊದಲೇ ದೊಡ್ಡಿಯಿಂದ ಆಚೆ ಅಟ್ಟು ಎಂದೆ. ಅಟ್ಟಿದ. ಬದುಕಿರುವ ಎತ್ತು ಎಂಟುನೂರು ಚಿಲ್ಲರೆ ಉಳಿದವು.

"ಇನ್ನು ಎಡದ್ದು ಈ ಕಡೆ, ಬಲದ್ದು ಆ ಕಡೆ ಕಟ್ಟು. ಎಡದೆತ್ತಿಗೆ ಎಡದೆತ್ತು ಯಾಕೆ ನೋಡ್ಬೇಕು? ಆಮೇಲೆ ವಯಸ್ಸು, ಅಂದ್ರೆ ಹಲ್ಲು. ಎರಡು ಹಲ್ಲಿಂದು ಒಂದು ಕಡೆ, ನಾಕು ಹಲ್ಲಿಂದು ಒಂದು ಕಡೆ, ಆರು ಹಲ್ಲು, ಎಂಟೂ ಬಂದು ಬಾಯಿಗೂಡಿದ್ದು ಬೇರೆ ಬೇರೆ. ಆರು ಹಲ್ಲಿಂದಕ್ಕೆ ಆರು ಹಲ್ಲಿನ ಗುಂಪಲ್ಲಿ ನೋಡು. ಸಿಗದಿದ್ರೆ ಒಂದು ಗುಂಪು ಹಿಂದೆ, ಒಂದು ಗುಂಪು ಮುಂದೆ. ಅಷ್ಟೇ. ಬಾಲದ ಕುಚ್ಚು ಗಿಚ್ಚು ಎಲ್ಲ ಕೊನೇಲಿ."

"ಹಲ್ಲು ಬರ್ದು ಎಷ್ಟೋ ವರ್ಷ ಆಗೈತೆ ಅಕ್ಕಯ್ಯ."

"ಎತ್ತು ನಿನ್ನ ನೋಟ್‌ಬುಕ್ ನೋಡ್ಕಂಡು ಹಲ್ಲು ಬರೋದ್ನ ನಿಲ್ಸೈತಾ? ಬರೆದ ವರ್ಷದಿಂದ ಎಣಿಸ್ಕಂಡು ಮುಂದಿನ ಗುಂಪಿಗೆ ತಳ್ಳು."

ಇದೇನೂ ದೊಡ್ಡ ವಿದ್ಯೆಯಲ್ಲ. ನಮ್ಮ ಅಟ್ಟದ ಮೇಲೆ ಒಂದು ವರ್ಷದ ತೆಂಗಿನಕಾಯಿ ಇರುತ್ತದೆ. ಕೊಬ್ಬರಿಯಾದದ್ದನ್ನು ಇಳಿಸಬೇಕಾದರೆ ಕಾಯಿ ಅಲ್ಲಾಡಿಸಿ ನೋಡಬೇಕು. ಒಳಗೆ ಉಂಡೆ ಗಡಗಡ ಎನ್ನಬೇಕು. ಹಾಗೆಂದು ಅಟ್ಟದ ಕಾಯಿಯನ್ನೆಲ್ಲ ಅಲ್ಲಾಡಿಸುತ್ತಾ ಕೂರುವವಳು ಹುಚ್ಚಿ! ಯಾವ ಕೊಯ್ಲಿನ ಕಾಯಿ ಯಾವ ಮೂಲೆಯಲ್ಲಿದೆ ಎಂದು ಏರಿಸುವಾಗಲೇ ಬೇರೆ ಬೇರೆ ರಾಶಿ ಮಾಡಿರುತ್ತೇವೆ. ಇಳಿಸುವಾಗ ಹಳೇ ರಾಶಿಗೆ ಮಾತ್ರ ಕೈಹಾಕುತ್ತೇವೆ. ಇದನ್ನು ಹೇಳಿದ್ದಕ್ಕೆ ಬಾಷಾ ಕೈ ತಟ್ಟಿದ.

"ಅಮ್ಮಾ ಹೇಳಿದ್ದೇ ಕರೆಕ್ಟು ಸಾರ್! ಇದಕ್ಕೆ ಇಂಡೆಕ್ಸ್ ಅಂತಾರೆ. ದುಡ್ಡು ಕೊಟ್ಟು ಕಲೀತಾರೆ ಇದನ್ನ!"

"ಯಾರು ಕಲೀತಾರೋ ಅವ್ರ ಮನೇಲಿ ಅಟ್ಟ ಇಲ್ವೇನೋ," ಎಂದೆ.

ಅವರಿಬ್ಬರೂ ಅದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾನು ಕಾಫಿಗೆ ನೀರಿಟ್ಟು, ಓಡಿಸು ಎಂದೆ. ನೀರು ಬಿಸಿಯಾಗುವ ಮೊದಲೇ ತಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಅವನ ಮುಖ ಬಾಡಿತ್ತು.

"ಏನ್ಲಾ? ಕೆಟ್ಟೋಯ್ತಾ?"

"ಮುಗೀತು."

"ಮತ್ತೆ?"

"ಇಷ್ಟು ಬೇಗ ಮುಗ್ದಿದ್ರೆ ಸರಿಯಾಗಿ ಯೋಚ್ನೆ ಮಾಡಿರಲ್ಲ ಅಕ್ಕಯ್ಯ ಅದು!"

ನಂಬಿಕೆಯಿಲ್ಲದೆ ಏಳು ಸಲ ಓಡಿಸಿದ. ಏಳು ಸಲವೂ ಅದೇ ಉತ್ತರ: ಕಿಬ್ಬನಹಳ್ಳಿ ಕಡೆಯ ಒಂದು ಎತ್ತು. ನಾಲ್ಕು ದಿನ ಕಾದು ಬಂದ ತಪ್ಪು ಉತ್ತರವನ್ನು ಹೆಮ್ಮೆಯಿಂದ ಕೂಗಿ ಹೇಳಿದವನು, ಕ್ಷಣದಲ್ಲಿ ಬಂದ ಸರಿ ಉತ್ತರವನ್ನು ಕಳ್ಳಮಾಲಿನ ಹಾಗೆ ಹಿಡಿದುಕೊಂಡು ನಿಂತಿದ್ದ. ಬೆವರು ಸುರಿಸದೆ ಬಂದದ್ದಕ್ಕೆ ಬೆಲೆಯಿಲ್ಲ ಎಂದುಕೊಳ್ಳುವ ಜನ ನಾವು, ಏನು ಮಾಡುವುದು!

ಸರಿ ಉತ್ತರ ಎಂದೆನಲ್ಲ, ಅದೂ ತಪ್ಪಾಗಿತ್ತು. ಶುಕ್ರವಾರ ಬಾಷಾನ ಗಾಡಿಯಲ್ಲಿ ರುದ್ರಣ್ಣನ ಎತ್ತನ್ನೂ ಹತ್ತಿಸಿಕೊಂಡು ಕಿಬ್ಬನಹಳ್ಳಿ ಕಡೆ ಹೋದೆವು. ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸದೆ ಜೋಡಿ ಒಪ್ಪಬಾರದು. ನೋಡಲು ಎರಡೂ ಅವಳಿಜವಳಿ. ನೊಗಕ್ಕೆ ಕಟ್ಟಿದರೆ ಮಾತ್ರ ಎರಡೂ ಬಲಕ್ಕೇ ನುಗ್ಗಿದವು! ಇದು ಅದನ್ನು ತಳ್ಳುವುದು, ಅದು ಇದನ್ನು ತಳ್ಳುವುದು. ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಜಗಳವಾಡುವ ಬೀಗಿತ್ತಿಯರ ಹಾಗೆ! ಆ ಎತ್ತಿನವನು ನಮ್ಮನ್ನು ಬೈಯುವುದೊಂದು ಬಾಕಿ.

"ಇದು ಬಲದೆತ್ತು ಕಣ್ರೀ! ಹುಟ್ಟಿದಾಗಿಂದ ಬಲಕ್ಕೇ ಎಳೆದಿರೋದು!"

"ನನ್ನ ನೋಟ್‌ಬುಕ್ಕಲ್ಲಿ ಎಡ ಅಂತ ಐತೆ," ಎಂದ ನನ್ನ ತಮ್ಮ.

"ಹಂಗಾದ್ರೆ ನೋಟ್‌ಬುಕ್ಕಿಗೆ ನೊಗ ಕಟ್ರೀ!"

ಬರುವ ದಾರಿಯಲ್ಲಿ ಇವನಿಗೆ ಮೂವತ್ತು ವರ್ಷದ ಬರಹ ತಪ್ಪಾಯಿತಲ್ಲ ಎಂಬ ಸಂಕಟ. ನನಗೋ, ತಪ್ಪಿದ್ದು ಹೇಗೆ ಎಂಬ ಕುತೂಹಲ. ಎತ್ತಿನ ವಿಷಯದಲ್ಲಿ ಸುಳ್ಳು ಬರೆಯುವವನಲ್ಲ ಇವನು. "ಲೇ, ಬರೀವಾಗ ನೀನು ಎಲ್ಲಿ ಕೂತಿರ್ತಿದ್ದೆ?" ಎಂದು ಕೇಳಿದೆ.

"ಆಸ್ಪತ್ರೆ ಕಿಟಕಿ ಹತ್ರ."

"ಗಾಡಿ ಎಲ್ಲಿ ನಿಲ್ತಿತ್ತು?"

"ಎದುರಿಗೆ. ಎತ್ತು ನನ್ನ ಕಡೆ ಮುಖ ಮಾಡ್ಕಂಡು..." ಎಂದವನು ಅಲ್ಲಿಗೇ ನಿಲ್ಲಿಸಿದ.

ಆಸ್ಪತ್ರೆಯವನು ಎತ್ತನ್ನು ಮೂತಿಯ ಕಡೆಯಿಂದ ನೋಡುತ್ತಾನೆ. ಉಳುವವನು ಜನ್ಮವಿಡೀ ಅದನ್ನು ಬಾಲದ ಕಡೆಯಿಂದ ನೋಡುತ್ತಾನೆ. ಇವನ ಎಡ ಅವನ ಬಲ! ನೋಟ್‌ಬುಕ್ಕಿನಲ್ಲಿದ್ದವೆಲ್ಲ ಕಿಟಕಿಯ ಎಡಬಲ. ರುದ್ರಣ್ಣ ಬಾಯಿಬಿಟ್ಟು ಹೇಳಿ ಬರೆಸಿದ್ದು ನೇಗಿಲಿನ ಎಡಬಲ. ಬಾಷಾ ಗಾಡಿ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಹಿಂದೆ ನಿಂತಿದ್ದ ಎತ್ತು ಮಾತ್ರ ಗಂಭೀರವಾಗಿತ್ತು.

ಶನಿವಾರ ನೋಟ್‌ಬುಕ್ಕಿನ ಎತ್ತುಗಳನ್ನೆಲ್ಲ ತಿರುಗಿಸಿ, ಬಾಯಲ್ಲಿ ಹೇಳಿ ಬರೆಸಿದವನ್ನು ಹಾಗೇ ಬಿಟ್ಟು, ಮತ್ತೆ ಓಡಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬೋರನಕಣಿವೆ ಹತ್ತಿರದ ಹಳ್ಳಿಯೊಂದರ ಎತ್ತು ಬಂತು. ಕರಿಯಜ್ಜ ಎಂಬುವರದು. ಅವರ ಬಲದೆತ್ತು ಸತ್ತು ಎಡದ್ದು ಒಂಟಿಯಾಗಿದೆ ಎಂದು ಅವರೇ ಫೋನು ಮಾಡಿ ಬರೆಸಿದ್ದರು. ಹದಿನಾಲ್ಕು ಪ್ರಶ್ನೆ ಕೂಡಿಬಂದಿದ್ದವು. ಭಾನುವಾರ ಬೆಳಿಗ್ಗೆಯೇ ಹೊರಟೆವು. ರುದ್ರಣ್ಣ ಗಾಡಿಯ ಹಿಂದೆ ಎತ್ತಿನ ಜೊತೆಗೇ ನಿಂತುಕೊಂಡು ಬಂದ.

ಕರಿಯಜ್ಜ ನನಗಿಂತ ಹತ್ತು ವರ್ಷ ದೊಡ್ಡವರು. ಹಿತ್ತಲಲ್ಲಿ ಕುರಿ, ಅಂಗಳದಲ್ಲಿ ಬೇವಿನ ಮರ. ನಮ್ಮನ್ನು ನೋಡಿ ಖುಷಿಯಾಗಿ ಚಾಪೆ ಹಾಸಿದರು. ರುದ್ರಣ್ಣನ ಎತ್ತನ್ನು ಮುಟ್ಟಿ, ಸವರಿ, "ಚೆನ್ನಾಗೈತೆ. ಬುಟ್ಟು ಹೋಗ್ರಿ," ಎಂದರು.

"ಬುಟ್ಟು ಹೋಗೋದಾ? ನಿಮ್ಮದನ್ನ ಕರ್ಕಂಡು ಹೋಗಾಕೆ ಬಂದಿರೋದು," ಎಂದ ರುದ್ರಣ್ಣ.

"ನಾನು ಫೋನ್ ಮಾಡಿದ್ದು ತಗಳಾಕೆ ಕಣಪ್ಪ, ಕೊಡಾಕಲ್ಲ!"

"ನಾನೂ ತಗಳಾಕೇ ಬಂದಿರೋದು!"

ಎಲ್ಲರೂ ನನ್ನ ತಮ್ಮನ ಕಡೆ ತಿರುಗಿದರು. ಅವನು ಕೈಯಲ್ಲಿದ್ದ ಕಾಗದ ನೋಡಿದ. ಹದಿನಾರು ಪ್ರಶ್ನೆ ಕೇಳಿದ್ದ ಮಹಾರಾಯ, ಬಾಲದ ಕುಚ್ಚನ್ನೂ ಬಿಟ್ಟಿರಲಿಲ್ಲ. ಕೊಡುವವರು ಯಾರು, ಕೊಳ್ಳುವವರು ಯಾರು ಎಂಬ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ಆಮೇಲೆ ಗಂಡಸರು ಮೂವರೂ ಒಟ್ಟಿಗೆ ಮಾತಾಡಿದರು. ಬಾಷಾ ನಡುವೆ ನಿಂತು "ಅರೆ ಭಾಯ್, ಅರೆ ಅಜ್ಜ" ಎನ್ನುತ್ತಿದ್ದ. ನಾಳೆ ಸೋಮವಾರ. ರುದ್ರಣ್ಣನ ಧ್ವನಿ ಒಡೆಯುತ್ತಿತ್ತು.

ಬಿಸಿಲು ಏರಿತ್ತು. ಇವರ ಜಗಳ ಮುಗಿಯುವವರೆಗೆ ಎತ್ತು ಬಿಸಿಲಲ್ಲಿ ಯಾಕೆ ನಿಲ್ಲಬೇಕೆಂದು ನಾನು ಅದನ್ನು ಹಗ್ಗ ಹಿಡಿದು ಕರಿಯಜ್ಜನ ಕೊಟ್ಟಿಗೆಯ ನೆರಳಿಗೆ ಕರೆದುಕೊಂಡು ಹೋದೆ. ಕರಿಯಜ್ಜನ ಎತ್ತು ಅಲ್ಲೇ ಇತ್ತು. ಉದ್ದನೆಯ ಗೊಂತು, ತುಂಬ ಹುಲ್ಲು. ಆದರೆ ಅದು ಎಡಗಡೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬಲಗಡೆ ಇನ್ನೊಂದು ಎತ್ತು ನಿಲ್ಲುವಷ್ಟು ಜಾಗ ಖಾಲಿ. ಅಲ್ಲಿನ ಹುಲ್ಲನ್ನು ಮೂಸಿಯೂ ನೋಡಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ನಾನು ಹಗ್ಗ ಬಿಟ್ಟೆ. ರುದ್ರಣ್ಣನ ಎತ್ತು ಯಾರೂ ಹೇಳದೆ ಹೋಗಿ ಬಲಗಡೆಯ ಆ ಜಾಗದಲ್ಲಿ ನಿಂತು ಹುಲ್ಲಿಗೆ ಬಾಯಿ ಹಾಕಿತು. ಆ ಎತ್ತು ಕಿವಿ ಆಡಿಸಿತು. ಗೋಡೆಯಿಂದ ಮೈ ಬಿಡಿಸಿಕೊಂಡು ಇದರ ಕತ್ತನ್ನು ಒಮ್ಮೆ ನೆಕ್ಕಿತು. ಆಮೇಲೆ ಎರಡೂ ಒಂದೇ ಗೊಂತಿನಲ್ಲಿ ತಿನ್ನತೊಡಗಿದವು.

ನಾನು ಯಾರನ್ನೂ ಕೂಗಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಕರಿಯಜ್ಜ ನಿಂತಿದ್ದರು. ಹಿಂದೆ ಜಗಳ ನಿಂತಿತ್ತು.

"ಇದ್ರ ಜೊತೇದು ಸತ್ತು ಎರಡು ತಿಂಗಳಾಯ್ತು ಕಣವ್ವ," ಎಂದರು ಮೆಲ್ಲಗೆ. "ನಡೂವಿಗೆ ಕಟ್ಟಿದ್ರೂ ಗೋಡೆ ಕಡೀಕೇ ಹೋಗ್ತಿತ್ತು. ಅದ್ರ ಜಾಗ ಬುಡ್ತಿತ್ತು."

ಸುಮಾರು ಹೊತ್ತು ನೋಡಿದರು. ಎತ್ತು ತಿನ್ನುತ್ತಲೇ ಇತ್ತು. ಆಮೇಲೆ ರುದ್ರಣ್ಣನಿಗೆ, "ಕರ್ಕಂಡು ಹೋಗಪ್ಪ. ನನ್ ಗೇಯ್ಮೆ ಮುಗೀತು. ಇದರದ್ದಿನ್ನೂ ಮುಗ್ದಿಲ್ಲ," ಎಂದರು.

ಬೆಲೆಯ ಮಾತು ಟವೆಲಿನ ಕೆಳಗೆ ಬೆರಳಿನಲ್ಲೇ ಮುಗಿಯಿತು, ನಾನು ಕೇಳಲಿಲ್ಲ. ಎತ್ತನ್ನು ಗಾಡಿಗೆ ಹತ್ತಿಸುವಾಗ ಕರಿಯಜ್ಜ ಆಚೆಗೆ ಬರಲಿಲ್ಲ. ನನ್ನ ತಮ್ಮ, ಎತ್ತು ಬಿಟ್ಟು ಯಾರ ಮುಖವನ್ನೂ ನೆನಪಿಟ್ಟುಕೊಳ್ಳದವನು, ಗಾಡಿ ಹೊರಟ ಮೇಲೂ ತಿರುಗಿ ತಿರುಗಿ ಆ ಬಾಗಿಲನ್ನೇ ನೋಡುತ್ತಿದ್ದ. "ಅಜ್ಜನ ಬಲಹುಬ್ಬಲ್ಲಿ ಒಂದು ಮಚ್ಚೆ ಐತೆ ಅಕ್ಕಯ್ಯ," ಎಂದ.

ಮರುದಿನ ಸೋಮವಾರ, ದಲ್ಲಾಳಿ ಬರುವ ಮೊದಲೇ ಎದ್ದು ನಾನು ರುದ್ರಣ್ಣನ ಕೊಟ್ಟಿಗೆಗೆ ಹೋದೆ. ನೋಡಬೇಕಾದ್ದನ್ನು ನೋಡಿದೆ. ತಮ್ಮನನ್ನು ಎಬ್ಬಿಸಿ ಬೋರನಕಣಿವೆಗೆ ಫೋನು ಹಚ್ಚಿಸಿಕೊಂಡೆ.

"ಅಜ್ಜಾ, ನಿನ್ನೆ ಬಂದಿದ್ದೆನಲ್ಲ, ಆ ಮುದುಕಿ. ತಿಂತು. ಎಡಕ್ಕೇ ಕಟ್ಟವ್ರೆ."

ಆ ಕಡೆಯಿಂದ ಕುರಿ ಅರಚುವುದು ಮಾತ್ರ ಕೇಳಿಸುತ್ತಿತ್ತು.

"ನೀರು?"

"ಎರಡು ಬಕೀಟು ಕುಡ್ದೈತೆ."

"ಹೂಂ," ಎಂದು ಫೋನು ಇಟ್ಟರು.

ನಾನು ಪೊರಕೆ ಹಿಡಿದು ಹೋಗಿ ರುದ್ರಣ್ಣನ ಕೊಟ್ಟಿಗೆ ಗುಡಿಸಿದೆ. ಎರಡು ಎತ್ತಿನ ಸೆಗಣಿ. ಮಂಕರಿ ಬುಟ್ಟಿ ತುಂಬಿತು.